ವೇಗ ಒಂದೇ ಸಾಕಾ?

ನಿಮಿಷಕ್ಕೆ ಇಷ್ಟು ಪದ ಓದಿದರೆ ಮಗು ಓದಿನಲ್ಲಿ ಮುಂದಿದೆ ಅನ್ನುತ್ತದೆ ಮಕ್ಕಳ ಓದಿನ ಬಗ್ಗೆ ನಾನು ನೋಡಿದ ಒಂದು ಲೇಖನ. ನನಗೇಕೋ ಒಪ್ಪಿಗೆಯಿಲ್ಲ. ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಪಕ್ಕಾ ಆದರೆ ಅರ್ಥವಾಗದ್ದನ್ನೂ ಗಡಗಡ ಓದಬಹುದು, ಅಲ್ವಾ?

ಎರಡನೇ ಕ್ಲಾಸಿನ ಅಕ್ಕನ ಮಗಳು ಕಥೆಪುಸ್ತಕವನ್ನು ಒಂದೇ ಉಸಿರಿಗೆ ಮುಗಿಸುತ್ತಾಳೆ. “ಅಜ್ಜಿ ಯಾಕೆ ಬಾಗಿಲು ತೆಗೀಲಿಲ್ಲ ಪುಟ್ಟಿ?” ಅಂದರೆ, “ಅದನ್ನ ಬರೆದಿಲ್ವಲ್ಲ ಮಾಮ!” ಅಂತಾಳೆ. ಕಳ್ಳ ಬಂದಿದ್ದು ಹಿಂದಿನ ಪುಟದಲ್ಲೇ ಇತ್ತು.

1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿ ಅರ್ಥ ಮಾಡಿಕೊಳ್ಳುವುದನ್ನು ಗುಣಾಕಾರದಂತೆ ಹೇಳಿದ್ದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆಯ ತಿಳಿವಳಿಕೆ. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಹಾಗಂತ ಅರ್ಥ ಮಾಡಿಕೊಂಡೇ ಬೇಗ ಓದುವ ಮಕ್ಕಳೂ ಇದ್ದಾರೆ, ಅವರನ್ನು ಸುಮ್ನೆ ನಿಧಾನ ಮಾಡಿಸಬೇಡಿ. ಸ್ಟಾಪ್‌ವಾಚ್ ಬದಿಗಿಟ್ಟು ‘ಯಾಕೆ’ ಅಂತ ಒಂದೆರಡು ಪ್ರಶ್ನೆ ಕೇಳಿ ನೋಡಿ, ಗೊತ್ತಾಗುತ್ತದೆ.