ಕೊಳ್ಳದ ಟಿಕೆಟ್ಟಿಗೆ ಮೊದಲ ಬಹುಮಾನ

ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಟಿಕೆಟ್ ಕೊಳ್ಳುವ ಕಷ್ಟ ಅಂದಿಗೇ ತಪ್ಪಿತಾದರೂ ಗೆಲ್ಲುವ ಕಷ್ಟ ಮಾತ್ರ ತಪ್ಪಿಲ್ಲವೆಂಬುದಕ್ಕೆ ನಮ್ಮ ಬೀದಿಯೇ ಸಾಕ್ಷಿ. ಕಳೆದ ತಿಂಗಳು ಒಂದೇ ವಾರದಲ್ಲಿ ಇಲ್ಲಿಯ ಮೂರು ಮನೆಗಳಿಗೆ ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಬಂದವು; ಒಂದು ರೂಪಾಯಿ ನಾಣ್ಯದಿಂದ ಬೆಳ್ಳಿಬಣ್ಣದ ಲೇಪವನ್ನು ಕೆರೆದು ನೋಡಿದರೆ ಮೂವರಿಗೂ ಮೊದಲ ಬಹುಮಾನ, ತಲಾ 12 ಲಕ್ಷ ನಗದು. ಎರಡನೆಯ ಬಹುಮಾನ ಪಡೆಯುವ ನತದೃಷ್ಟರು ಯಾವ ಬೀದಿಯಲ್ಲಿದ್ದಾರೋ ತಿಳಿಯದು.

ಆ ಮೂವರಲ್ಲಿ ಒಬ್ಬರು ಪಕ್ಕದ ಮನೆಯ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿ ನಿವೃತ್ತರಾದವರು. ತೆರಿಗೆಯ ಬಾಬ್ತು 12,800 ರೂಪಾಯಿ ಕಟ್ಟಿದರೆ ಸಂಜೆಯೊಳಗೆ ಹಣ ಜಮೆಯಾಗುತ್ತದೆಂದೂ, ಗೆಲುವಿನ ಸುದ್ದಿ ಮನೆಯವರಿಗೂ ತಿಳಿಯಬಾರದೆಂದೂ ಫೋನಿನಲ್ಲಿ ಅಪ್ಪಣೆಯಾಗಿತ್ತು. ನಗದು ಬಹುಮಾನದಲ್ಲಿ ಶೇಕಡಾ 30ರ ತೆರಿಗೆಯನ್ನು, ಅಂದರೆ ಇಲ್ಲಿ 3,60,000 ರೂಪಾಯಿಯನ್ನು, ಕೊಡುವವರೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂಬುದು ಈ ದೇಶದ ಕಾನೂನು. ಗೆದ್ದವನು ಯಾರದೋ ಉಳಿತಾಯ ಖಾತೆಗೆ ತೆರಿಗೆ ಕಳಿಸುವ ಪದ್ಧತಿ ಯಾವ ಬಜೆಟ್ಟಿನಲ್ಲೂ ಮಂಡನೆಯಾದದ್ದಿಲ್ಲ.

ವಿಷಯ ಹೇಗೋ ನನ್ನ ಕಿವಿಗೆ ಬಿದ್ದಾಗ ಮೇಷ್ಟ್ರ ಫೋನನ್ನು ನಾನೇ ತೆಗೆದುಕೊಂಡು, ಆ 12,800ನ್ನು ಬಹುಮಾನದಲ್ಲೇ ಮುರಿದುಕೊಂಡು ಉಳಿದದ್ದನ್ನು ಕಳಿಸಿಬಿಡಿ ಎಂದೆ. "ಸಾರ್, ಅದಕ್ಕೆ ಸಿಸ್ಟಮ್ ಒಪ್ಪಲ್ಲ" ಎಂದಿತು ಆ ಕಡೆಯ ದನಿ. ಮುಖ ಕಾಣದವರಿಗೆ 12 ಲಕ್ಷ ದಾನ ಮಾಡಲು ಒಪ್ಪುವ ಸಿಸ್ಟಮ್ಮಿಗೆ ಒಂದು ಕಳೆಯುವ ಲೆಕ್ಕ ಬಾರದಿರುವುದು ವಿಚಿತ್ರ. ಅನುಮಾನಪಟ್ಟೆನೆಂದು ನೊಂದುಕೊಂಡು ಆತ ವಾಟ್ಸ್ಆ್ಯಪ್‌ನಲ್ಲಿ ತನ್ನ ಗುರುತಿನ ಚೀಟಿಯನ್ನೂ ಕಳಿಸಿದ. ಅದರಲ್ಲಿ ಮೂರು ಸಿಂಹಗಳಿದ್ದವು, ದುಂಡನೆಯ ಮೊಹರು ಎರಡು ಕಡೆ ಇತ್ತು, ಅಧಿಕಾರಿಯ ಹುದ್ದೆಯಲ್ಲಿ ಮಾತ್ರ ಎರಡು ಕಾಗುಣಿತ ದೋಷ. ಮೇಷ್ಟ್ರ ಕೈಯಲ್ಲಿ ಕೆಂಪು ಪೆನ್ನು ಇರಲಿಲ್ಲ.

ಅಷ್ಟರಲ್ಲಾಗಲೇ ಅವರು ಎರಡು ಕಂತು ಕಟ್ಟಿಯಾಗಿತ್ತು. ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ ಹಣ ಕೈದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆಯುಂಟು. ಆದರೆ ನಾಚಿಕೆ ಬಿಟ್ಟು ಆ ನಾಲ್ಕು ಅಂಕಿಗಳನ್ನು ಒತ್ತಲು ಅವರಿಗೆ ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ಇನ್ನೊಂದು ಕರೆ ಬಂತು. ಮೋಸಹೋದವರ ಹಣವನ್ನು ಮರಳಿಸುವ ವಿಶೇಷ ಇಲಾಖೆಯವರಂತೆ, ಶುಲ್ಕ ಕೇವಲ 4,999.

"ಇವರು ನಿಜವಾದವರು ಇರಬಹುದೇನಪ್ಪಾ?" ಎಂದು ಮೇಷ್ಟ್ರು ಕೇಳಿದರು.