ಹಾಡಿಲ್ಲದ ನಾಟಕ, ಅಧ್ಯಕ್ಷರ ಎರಡೇ ಮಾತು

ಮದುವೆಗೋ, ಆಸ್ಪತ್ರೆಗೋ, ಮಗನ ಹೊಸ ಮನೆ ನೋಡುವುದಕ್ಕೋ ಬೆಂಗಳೂರಿಗೆ ಬಂದವರಿಗೆ ನಡುವೆ ಒಂದು ಸಂಜೆ ಬಿಡುವು ಸಿಗುತ್ತದೆ. ಆಗ ಫೋನ್ ಬರುತ್ತದೆ. “ಒಂದೊಳ್ಳೆ ನಾಟಕ ಇದ್ರೆ ಹೇಳಿ ಸಾರ್. ಹಾಡು ಗೀಡು ಬೇಡ, ಬರೀ ನಾಟಕ.” ಹಾಡು ಎಂಬುದು ನಾಟಕಕ್ಕೆ ಯಾರೋ ಆಮೇಲೆ ಸೇರಿಸಿದ ಕಲಬೆರಕೆ ಅನ್ನುವ ಧಾಟಿ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಆದರೆ ಇದಕ್ಕೆ ಸಲೀಸಾಗಿ ಉತ್ತರ ಹೇಳಬಹುದು. ಅಲ್ಲಿ ಮ್ಯೂಸಿಕಲ್ ಬೇರೆ, ಪ್ಲೇ ಬೇರೆ. ಪಟ್ಟಿಯಲ್ಲೇ ಬೇರೆ ಮಾಡಿ ಇಟ್ಟಿರುತ್ತಾರೆ. ಕನ್ನಡದಲ್ಲಿ ಹಾಡಿಲ್ಲದ ನಾಟಕ ಕೇಳುವುದು ಬೇಳೆ ಇಲ್ಲದ ಒಬ್ಬಟ್ಟು ಕೇಳಿದ ಹಾಗೆ. ಇಲ್ಲವೆಂದಲ್ಲ, ಕಾಯಿ ಒಬ್ಬಟ್ಟು ಇದೆಯಲ್ಲ, ಆದರೆ ಹುಡುಕಬೇಕು. ಹುಡುಕುವುದಕ್ಕೆ ಒಂದು ಸೂತ್ರವೂ ಇದೆ. ಮುಂದೆ ಹೇಳುತ್ತೇನೆ.

ತಪ್ಪು ಕೇಳಿದವರದಲ್ಲ, ಚರಿತ್ರೆಯದು. ಗುಬ್ಬಿ ವೀರಣ್ಣನವರ ಕಾಲದ ಕಂಪನಿ ನಾಟಕದಲ್ಲಿ ಮಾತಿಗಿಂತ ಹಾಡೇ ಒಂದು ಹೆಜ್ಜೆ ಮುಂದು. ಯುದ್ಧದಲ್ಲಿ ಸತ್ತು ಬಿದ್ದವನು ‘ಒನ್ಸ್ ಮೋರ್’ ಕೂಗಿಗೆ ಎದ್ದು ಕೂತು, ಇನ್ನೊಂದು ಸಲ ಹಾಡಿ, ಮತ್ತೆ ಕ್ರಮವಾಗಿ ಸಾಯುತ್ತಿದ್ದ ಎಂದು ಹಳಬರು ಹೇಳುವುದುಂಟು. ಕೈಲಾಸಂ ಬಂದು ನಾಟಕವನ್ನು ಮನೆಯ ಹಜಾರಕ್ಕೆ ತಂದು ಮಾತಾಡಿಸಿದರು. ಶ್ರೀರಂಗರು ಮಾತಿಗೆ ಇನ್ನಷ್ಟು ಮೊನೆ ಕೊಟ್ಟರು. 1964ರಲ್ಲಿ ಕಾರ್ನಾಡರ ‘ತುಘಲಕ್’ ಬಂತು. ಇನ್ನೇನು ಹಾರ್ಮೋನಿಯಂ ಅಟ್ಟ ಸೇರಿತು ಅನ್ನುವಷ್ಟರಲ್ಲಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ ಬೆಳೆದ ಬಿ.ವಿ. ಕಾರಂತರು ಅದನ್ನು ಕೆಳಗಿಳಿಸಿದರು. 1972ರಲ್ಲಿ ಅವರು ಮಾಡಿಸಿದ ‘ಜೋಕುಮಾರಸ್ವಾಮಿ’ಯ ನಂತರ ಕನ್ನಡ ರಂಗಭೂಮಿ ಮೇಳವಿಲ್ಲದೆ ಮಲಗಿ ನಿದ್ದೆ ಮಾಡಿದ್ದೇ ಕಡಿಮೆ. ಅವರೇ ಮಾಡಿಸಿದ ಶ್ರೀರಂಗರ ‘ಸತ್ತವರ ನೆರಳು’ ನೋಡಿ ಬಂದವರು ಕಥೆ ಹೇಳುವುದಿಲ್ಲ, ಪುರಂದರದಾಸರ ಪದ ಗುನುಗುತ್ತಾರೆ. ಇದಕ್ಕೆ ಕಸುಬಿನ ಕಾರಣವೂ ಉಂಟು. ಹವ್ಯಾಸಿ ತಂಡಕ್ಕೆ ತಿರುಗುವ ರಂಗವಿಲ್ಲ, ಮೇಲಿಂದ ಇಳಿಯುವ ಸೆಟ್ಟಿಲ್ಲ. ಅರಮನೆ ಹೋಗಿ ಕಾಡು ಬರಬೇಕಾದರೆ ನಾಲ್ಕು ಜನ ಕತ್ತಲಲ್ಲಿ ಬೆಂಚು ಎತ್ತಬೇಕು. ಆ ಎರಡು ನಿಮಿಷ ಹಾಡಿನಿಂದಲೇ ಸಾಗಬೇಕು.

ಆದ್ದರಿಂದ ನಾಟಕದ ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಪೋಸ್ಟರಿನ ಕೆಳಗಡೆ ಸಣ್ಣ ಅಕ್ಷರದಲ್ಲಿರುವುದನ್ನು ಓದಬೇಕು. ‘ಸಂಗೀತ ನಿರ್ವಹಣೆ’ ಅಂತ ಒಂದೇ ಹೆಸರಿದ್ದರೆ ಭಯವಿಲ್ಲ. ಯಾರೋ ಹುಡುಗ ಲ್ಯಾಪ್‌ಟಾಪ್ ಮುಂದೆ ಕೂತು ಗುಡುಗು, ರೈಲು, ಬಾಗಿಲ ಕಿರ್ ಶಬ್ದ ಬಿಡುತ್ತಾನೆ, ಅಷ್ಟೆ. ‘ಸಂಗೀತ’ ಎಂದಿದ್ದು ಪಕ್ಕದಲ್ಲೇ ಹಾರ್ಮೋನಿಯಂ, ತಬಲ, ಢೋಲಕ್ ಎಂದು ಮೂರು ಹೆಸರಿದ್ದರೆ ಎಂಟು ಹತ್ತು ಹಾಡು ಖಾತ್ರಿ. ‘ನೃತ್ಯ ಸಂಯೋಜನೆ’ ಇದ್ದರಂತೂ ಕೇಳುವುದೇ ಬೇಡ. ‘ರಂಗರೂಪ’ ಎಂದಿದ್ದರೂ, ಅಂದರೆ ಕಾದಂಬರಿಯನ್ನೋ ಕಥೆಯನ್ನೋ ನಾಟಕ ಮಾಡಿದ್ದರೂ, ಹುಷಾರಾಗಿರಬೇಕು. ಕಾದಂಬರಿಯಲ್ಲಿ ಲೇಖಕ ಹತ್ತು ಪುಟ ವರ್ಣಿಸಿದ್ದನ್ನು ರಂಗದ ಮೇಲೆ ಯಾರಾದರೂ ಹೇಳಲೇಬೇಕಲ್ಲ. ಒಬ್ಬನೇ ಹೇಳಿದರೆ ಪಾಠವಾಗುತ್ತದೆಂದು ಆರು ಜನ ಸೇರಿ ಹಾಡುತ್ತಾರೆ. ಏಕವ್ಯಕ್ತಿ ಪ್ರಯೋಗ, ಇಬ್ಬರೇ ಇರುವ ನಾಟಕ, ಇಬ್ಸನ್ ಚೆಕಾಫ್ ಕಡೆಯ ಅನುವಾದ, ಸಂಸಾರದ ನಗೆನಾಟಕ ಇವುಗಳಲ್ಲಿ ಹಾಡು ಇರದಿರುವ ಸಂಭವ ಹೆಚ್ಚು. ಅರುಂಧತಿ ನಾಗ್ ಮಾಡಿದ, ಒಬ್ಬ ಲೇಖಕಿ ಟಿ.ವಿ. ಪರದೆಯಲ್ಲಿರುವ ತನ್ನದೇ ಬಿಂಬದ ಜೊತೆ ಜಗಳಾಡುವ ಕಾರ್ನಾಡರ ‘ಒಡಕಲು ಬಿಂಬ’ ಇಂಥದ್ದು. ರಚನೆ, ರಂಗವಿನ್ಯಾಸ, ಬೆಳಕು, ನಿರ್ದೇಶನ ನಾಲ್ಕಕ್ಕೂ ಒಂದೇ ಹೆಸರಿರುವ ನಾಟಕದಲ್ಲಿ ಹಾಡಿಲ್ಲದಿರಬಹುದು. ಆದರೆ ಆ ಒಬ್ಬರಿಗೆ ‘ಇದು ಬೇಡ’ ಅನ್ನುವವರೂ ಇರಲಿಲ್ಲ ಎಂದರ್ಥ.

ನಾಟಕಕ್ಕಿಂತ ಜಾಗ ಆರಿಸುವುದು ಲೇಸು ಅನ್ನುವುದು ನನ್ನ ಪಕ್ಷ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾದ ದಿನದಿಂದ 7.30 ಅಂದರೆ 7.30. ಬಾಗಿಲು ಮುಚ್ಚಿತೆಂದರೆ ಮುಚ್ಚಿತು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ ಎಂಬ ಕಥೆಗೆ ಅಲ್ಲಿ ಕಿವಿಯಿಲ್ಲ. ಸೋಮವಾರ ರಜೆ. ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಪ್ರದರ್ಶನ ಇರುವುದು ವಾಡಿಕೆ. ರಾತ್ರಿ ಬಸ್ಸು ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. 7 ಗಂಟೆಗೆ ಅಲ್ಲಿದ್ದು, ಸಬ್ಬಕ್ಕಿ ವಡೆ ತಿಂದು, 7.15ಕ್ಕೆ ಸಾಲಿನಲ್ಲಿ ನಿಂತರೆ ನಡುವಿನ ಸೀಟು ಸಿಗುತ್ತದೆ. ವೈಟ್‌ಫೀಲ್ಡಿನ ‘ಜಾಗೃತಿ’ ರಂಗಮಂದಿರದಲ್ಲಿ ಇಂಗ್ಲಿಷ್ ನಾಟಕಗಳು ನಡೆಯುತ್ತವೆ. ಹಾಡಿನ ಕಾಟ ಕಡಿಮೆ, ಆದರೆ ಬಸವನಗುಡಿಯ ನೆಂಟರ ಮನೆಯಲ್ಲಿ ಇಳಿದುಕೊಂಡವರು ಸಂಜೆ ಹೊತ್ತು ಅಲ್ಲಿಗೆ ಹೋಗಿ ಬರುವುದೆಂದರೆ ಅದೇ ಬೇರೆ ಪ್ರವಾಸ. ಮಳೆಗಾಲದಲ್ಲಿ ಬಯಲು ರಂಗಮಂದಿರದ ಆಸೆ ಬಿಡಿ.

ಉಳಿದದ್ದು ದೊಡ್ಡ ಸಭಾಂಗಣಗಳು, ಬಡಾವಣೆಯ ಕಲಾಭವನಗಳು. ಟಿಕೆಟ್ ಅಗ್ಗ, ಎಷ್ಟೋ ಸಲ ಉಚಿತ. ಇಲ್ಲಿ ಹಾಡಿಗಿಂತ ದೊಡ್ಡ ಗಂಡಾಂತರವೊಂದು ಹೊಂಚು ಹಾಕಿರುತ್ತದೆ. ಅದರ ಹೆಸರು ವೇದಿಕೆ ಕಾರ್ಯಕ್ರಮ.

ಆಹ್ವಾನ ಪತ್ರಿಕೆಯ ಬಲ ಮೂಲೆಯಲ್ಲಿ ‘ಸಂಜೆ 6.30ಕ್ಕೆ’ ಎಂದಿರುತ್ತದೆ. ಯಾವುದು 6.30ಕ್ಕೆ ಅಂತ ಬರೆದಿರುವುದಿಲ್ಲ. ನಾಟಕ ಶುರುವಾಗುವ ಹೊತ್ತನ್ನು ನಾವೇ ಲೆಕ್ಕ ಹಾಕಬೇಕು, ಅದೇನೂ ಕಷ್ಟವಿಲ್ಲ. ಉದ್ಘಾಟಕರ ಕಾರು ಬರುವುದು 6.50ಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಸೇರಿ 20 ನಿಮಿಷ. ಪ್ರಾಸ್ತಾವಿಕದಲ್ಲಿ ತಂಡದ ಇತಿಹಾಸ ಸ್ಥಾಪನೆಯ ವರ್ಷದಿಂದಲೇ ಶುರುವಾಗುತ್ತದೆ. ಮುಖ್ಯ ಅತಿಥಿಗಳು, ಅತಿಥಿಗಳು, ‘ಗೌರವ ಉಪಸ್ಥಿತಿ’ ಸೇರಿ ಐದು ಹೆಸರಿದ್ದರೆ ತಲೆಗೆ 7 ನಿಮಿಷದಂತೆ 35. ಗಂಟೆ 7.45 ಆಯಿತು. ಇಬ್ಬರಿಗೆ ಸನ್ಮಾನ: ಶಾಲು, ಹಾರ, ಮೈಸೂರು ಪೇಟ, ಫಲದ ಬುಟ್ಟಿ, ಸ್ಮರಣಿಕೆ. ಫೋಟೊದವನು “ಇನ್ನೊಂದ್ಸಲ ಸಾರ್” ಅನ್ನುವುದೂ ಸೇರಿ 10 ನಿಮಿಷ. ಆಮೇಲೆ ಅಧ್ಯಕ್ಷರು ಏಳುತ್ತಾರೆ. “ನಿಮಗೂ ನಾಟಕಕ್ಕೂ ನಡುವೆ ನಾನು ಅಡ್ಡ ನಿಲ್ಲುವುದಿಲ್ಲ, ಎರಡೇ ಮಾತು” ಎನ್ನುತ್ತಾರೆ. ಈ ವಾಕ್ಯಕ್ಕೆ 15 ನಿಮಿಷ ಹಿಡಿಯಿರಿ. ಅವರು ಎಂದಾದರೂ ಬಣ್ಣ ಹಚ್ಚಿದವರಾಗಿದ್ದರೆ 25. ವಂದನಾರ್ಪಣೆಗೆ 5, ಕುರ್ಚಿ ಮೇಜು ಎತ್ತುವುದಕ್ಕೆ 10. ಪರದೆ ಏಳುವಾಗ 8.25. ನಾಟಕ ಒಂದೂಮುಕ್ಕಾಲು ಗಂಟೆಯದಾದರೆ ಮುಗಿಯುವುದು 10.10ಕ್ಕೆ. ನಿಮ್ಮ ಬಸ್ಸು ಮೆಜೆಸ್ಟಿಕ್ಕಿನಿಂದ 10.30ಕ್ಕೆ.

ಇಷ್ಟು ಹೊತ್ತು ಒಳಗೇನು ನಡೆಯುತ್ತಿರುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಪ್ರಸಾಧನದವರು ಸಂಜೆ ನಾಲ್ಕಕ್ಕೇ ಬಣ್ಣ ಹಚ್ಚಿ ಮುಗಿಸಿರುತ್ತಾರೆ. ಮಹಾರಾಜ ಅಂಟಿಸಿದ ಮೀಸೆ ಬಿಟ್ಟುಹೋದೀತೆಂದು ಸ್ಟ್ರಾ ಹಾಕಿ ಟೀ ಕುಡಿಯುತ್ತಾನೆ. ಸೈಡ್ ವಿಂಗಿನಲ್ಲಿ ನಿಂತ ನಟಿಗೆ ಮೊದಲ ಮಾತು ಬಾಯಿಗೆ ಬರುತ್ತದೆ, ಉಪಾಧ್ಯಕ್ಷರ ಭಾಷಣ ಕೇಳಿ ಮತ್ತೆ ಹೋಗುತ್ತದೆ. ಸೆಟ್ಟನ್ನು ಮಧ್ಯಾಹ್ನವೇ ಕಟ್ಟಿರುವುದರಿಂದ ಒಂದೋ ಅತಿಥಿಗಳೆಲ್ಲ ಪರದೆಯ ಮುಂದೆ ನಾಲ್ಕಡಿ ಜಾಗದಲ್ಲಿ ಒಬ್ಬರ ಮೊಣಕಾಲು ಒಬ್ಬರಿಗೆ ತಾಗಿಸಿಕೊಂಡು ಕೂರಬೇಕು, ಇಲ್ಲವೇ ಸೆಟ್ಟಿನ ಮೇಲೆಯೇ ಕೂರಬೇಕು. ಸಿಂಹಾಸನದಲ್ಲಿ ಸಹಕಾರಿ ಬ್ಯಾಂಕಿನ ನಿರ್ದೇಶಕರು ಕೂತುಹೋದ ಮೇಲೆ ಅದೇ ಸಿಂಹಾಸನಕ್ಕಾಗಿ ಇಬ್ಬರು ರಾಜಕುಮಾರರು ಹೊಡೆದಾಡಿದರೆ ಯಾರು ನಂಬುತ್ತಾರೆ? ಎಲ್ಲಕ್ಕಿಂತ ಅಪಾಯ ದೀಪದ್ದು. ಐದು ಜನ ಐದು ಬತ್ತಿ ಹಚ್ಚುವಾಗ ಎಣ್ಣೆ ನಾಲ್ಕು ತೊಟ್ಟು ಹಲಗೆಯ ಮೇಲೆ ಬೀಳುತ್ತದೆ, ಅದರ ಮೇಲೆ ಪುಷ್ಪಾರ್ಚನೆಯ ಸೇವಂತಿಗೆ ಎಸಳು. ಗಡಿಬಿಡಿಯಲ್ಲಿ ಒಬ್ಬ ಹುಡುಗ ಒಣಬಟ್ಟೆಯಿಂದ ಒರೆಸಿದಂತೆ ಮಾಡುತ್ತಾನೆ. ಎಣ್ಣೆ ಹೋಗುವುದಿಲ್ಲ, ಹರಡುತ್ತದೆ. ಮೊದಲ ದೃಶ್ಯದಲ್ಲಿ ಬರಿಗಾಲಲ್ಲಿ ಓಡಿಬರುವ ದೂತನ ಕಾಲು ಸರಿಯಾಗಿ ಅಲ್ಲೇ ಜಾರುತ್ತದೆ. ಗಿಡಕ್ಕೆ ನೀರೆರೆದು ಉದ್ಘಾಟಿಸಿದರೂ ಸುಖವಿಲ್ಲ, ಒದ್ದೆ ಒದ್ದೆಯೇ. ತಮಟೆ ಬಾರಿಸಿ ಉದ್ಘಾಟಿಸುವ ತಂಡಗಳಿಗೆ ಸರ್ಕಾರ ಪ್ರತ್ಯೇಕ ಅನುದಾನ ಕೊಡಬೇಕು.

ನಾಟಕ ಮಾಡುವವರನ್ನು ಕೇಳಿದರೆ ಅವರಿಗೂ ಇದು ಇಷ್ಟವಿಲ್ಲ. ಬಾಡಿಗೆ, ಬೆಳಕು, ಲಾರಿ, ಊಟ ಎಂದು ಖರ್ಚಿಗೆ ಕೈಹಿಡಿದವರನ್ನು ಮೇಲೆ ಕೂರಿಸದೆ ಆಗುತ್ತದೆಯೇ ಅನ್ನುತ್ತಾರೆ. ಕೂರಿಸಿ, ಬೇಡ ಅಂದವರಾರು? ಮೈಕ್ ಯಾಕೆ ಕೊಡುತ್ತೀರಿ?

ಆದರೂ ಇದರಿಂದ ಪ್ರೇಕ್ಷಕನಿಗೆ ಒಂದು ಲಾಭವಿದೆ. ದೊಡ್ಡ ಸಭಾಂಗಣದಲ್ಲಿ ಹಾಡಿಲ್ಲದ ನಾಟಕ ನೋಡುವಾಗ ಹತ್ತನೇ ಸಾಲಿನಿಂದ ಹಿಂದೆ ಕೂತರೆ ಕೆಟ್ಟಿರಿ. ಹಾಡು ಎಲ್ಲಿ ಕೂತರೂ ಕೇಳುತ್ತದೆ. ಮೇಲಿಂದ ಇಳಿಬಿಟ್ಟ ಮೈಕಿಗೆ ಪಿಸುಮಾತು ಸಿಗುವುದಿಲ್ಲ, ಹೆಜ್ಜೆ ಸಪ್ಪಳ ಮಾತ್ರ ಭರ್ಜರಿಯಾಗಿ ಸಿಗುತ್ತದೆ. ಆದರೆ ಮುಂದಿನ ಎರಡು ಮೂರು ಸಾಲಿಗೆ ‘ಗಣ್ಯರಿಗೆ’ ಎಂಬ ಚೀಟಿ ಅಂಟಿಸಿರುತ್ತಾರೆ. ಸಭೆ ಮುಗಿಯುತ್ತಲೇ ಗಣ್ಯರು, ಅವರನ್ನು ಕಳಿಸಿಕೊಡಲು ಪದಾಧಿಕಾರಿಗಳು, ಪದಾಧಿಕಾರಿಗಳ ಹಿಂದೆ ಫೋಟೊದವನು ಎದ್ದು ಹೊರಡುತ್ತಾರೆ. ನಾಟಕ ನೋಡಿಯೇ ಹೋಗುವ ಅತಿಥಿಗಳೂ ಇದ್ದಾರೆ, ಅವರಿಗೆ ನಮಸ್ಕಾರ. ಮೂರನೇ ಬೆಲ್ಲಿಗೂ ದೀಪ ಆರುವುದಕ್ಕೂ ನಡುವೆ ಅರ್ಧ ನಿಮಿಷ ಸಿಗುತ್ತದೆ. ಆಗ ಎದ್ದು ಮುಂದೆ ಹೋಗಿ ಕೂರಬೇಕು. ಸಂಕೋಚ ಬೇಡ. ಖಾಲಿ ಸೋಫಾಗಳ ಎದುರು ಅಭಿನಯಿಸುವುದಕ್ಕಿಂತ ನಿಮ್ಮ ಮುಖ ನೋಡುವುದು ನಟರಿಗೂ ವಾಸಿ.

ಬಸ್ಸಿರುವವರು ಮಾತ್ರ ನಡುಹಾದಿಯ ಪಕ್ಕದ ಸೀಟೇ ಹಿಡಿಯಿರಿ. ನಾಟಕ ಮುಗಿದ ಮೇಲೆ ಕಲಾವಿದರ ಪರಿಚಯ ಇನ್ನೂ ಹತ್ತು ನಿಮಿಷ ನಡೆಯುತ್ತದೆ. ಎದ್ದು ಹೋಗಲೇಬೇಕಿದ್ದರೆ ನಾಯಕ ನಾಯಕಿಯರ ಹೆಸರು ಕೂಗುವಾಗ ಹೋಗಿ, ಆ ಗಲಾಟೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಬೆಳಕು ನಿರ್ವಹಿಸಿದವರ ಹೆಸರು ಹೇಳುವಾಗ ಹೋಗಬೇಡಿ. ಸಭಾಂಗಣ ಪೂರ್ತಿ ಕತ್ತೆತ್ತಿ ಹಿಂದಿನ ಕೋಣೆಯ ಕಡೆ ತಿರುಗುತ್ತದೆ, ಅವರ ಬದಲು ಬ್ಯಾಗು ಹಿಡಿದು ಬಗ್ಗಿ ಬಗ್ಗಿ ಓಡುತ್ತಿರುವ ನೀವು ಕಾಣುತ್ತೀರಿ.