ಎರಡು ತೋಫು, ಒಬ್ಬ ಚಿಕ್ಕಮ್ಮ

ಇವತ್ತು ಸಂಜೆ ಸಂತೆಯಿಂದ ಎರಡು ತೋಫು (ಸೋಯಾ ಹಾಲು ಒಡೆಸಿ ಮಾಡಿದ ಗಡ್ಡೆ) ತಂದೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅಂತೀರಾ? ಮೂರು ತಿಂಗಳಿಂದ ಎರಡು ಕೇಳುತ್ತಿದ್ದೆ, ಒಂದೇ ಬರುತ್ತಿತ್ತು. ಇವತ್ತು ಎರಡು ಬಂತು, ಜೊತೆಗೆ ಸಿಗುತ್ತಿದ್ದ ಕೊಸರು ನಿಂತುಹೋಯಿತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ನಾವಿರುವುದು ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ. ನಮ್ಮಂಥ ಪುಳಿಚಾರಿನವರಿಗೆ ಇಲ್ಲಿ ತೋಫುವೇ ಪನೀರು, ತೋಫುವೇ ಪಲ್ಯ, ತಿಂಗಳ ಕೊನೆಗೆ ತೋಫುವೇ ದೇವರು. ಇಲ್ಲಿಯವರು ಅದನ್ನು ದುಬು ಅನ್ನುತ್ತಾರೆ. ಬಂದ ಹೊಸದರಲ್ಲಿ ಲಿಪಿಯೇನೋ ಒಂದು ವಾರದಲ್ಲಿ ಒಲಿಯಿತು. ಕಾಲು ಜಾರಿದ್ದು ಒಂದು, ಎರಡು, ಮೂರರಲ್ಲಿ.

ಈ ಜನ ಎಣಿಕೆಗೆ ಎರಡು ಜೊತೆ ಅಂಕಿ ಇಟ್ಟುಕೊಂಡಿದ್ದಾರೆ. ಹನಾ, ದುಲ್, ಸೆತ್, ನೆತ್ ಮನೆಯದು. ಇಲ್, ಇ, ಸಾಮ್, ಸಾ ಚೀನಾ ಕಡೆಯಿಂದ ಬಂದದ್ದು. ದುಡ್ಡು, ತಾರೀಖು, ಮಹಡಿ, ಫೋನ್ ನಂಬರಿಗೆ ಚೀನಾದ್ದು. ಮನುಷ್ಯರು, ಬೆಕ್ಕು, ಕಾಫಿ ಲೋಟಕ್ಕೆ ಮನೆಯದು. ಈ ಮನೆಯದು ತೊಂಬತ್ತೊಂಬತ್ತು ಮುಟ್ಟುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ, ನೂರಕ್ಕೆ ಮತ್ತೆ ಚೀನಾದ ಹೆಗಲೇ ಬೇಕು. ಹಾಳಾಗಿ ಹೋಗಲಿ ಎಂದುಕೊಂಡರೆ ಗಡಿಯಾರ! ಮೂರೂವರೆಗೆ ‘ಸೆ ಸಿ ಸಾಮ್‌ಸಿಪ್ ಬುನ್’. ಗಂಟೆಯ ಮೂರು ಮನೆಯದು (ಹಿಂದೆ ಪದ ಅಂಟಿದರೆ ಸೆತ್ ಸವೆದು ಸೆ, ದುಲ್ ಸವೆದು ದು), ಮೂವತ್ತು ನಿಮಿಷದ ಮೂರು ಚೀನಾದ್ದು. ಒಂದೇ ಗಡಿಯಾರದೊಳಗೆ ಅತ್ತೆಗೊಂದು ಒಲೆ, ಸೊಸೆಗೊಂದು ಒಲೆ.

ಇಷ್ಟು ಸಾಲದು ಅಂತ ಪ್ರತಿ ವಸ್ತುವಿಗೂ ಒಂದು ಬಾಲ. ಪ್ರಾಣಿಗಳನ್ನು ಎಣಿಸುವಾಗ ‘ಮಾರಿ’. (ನಮ್ಮೂರ ಬೀದಿನಾಯಿಗಳಿಗೆ ಹೇಳಿ ಮಾಡಿಸಿದ ಪದ.) ತೋಫು ಗಡ್ಡೆಗೆ ‘ಮೋ’.

ಸಂತೆಯ ತೋಫು ಅಜ್ಜಿಗೆ ಎಪ್ಪತ್ತಾದರೂ ಆಗಿರಬೇಕು. ಮೊದಲ ದಿನ ಬೆಲೆ ಕೇಳಿದೆ. ‘ಇಚೊನ್ ವೊನ್’ ಎಂದಳು, ಎರಡು ಸಾವಿರ ವೊನ್. ಸರಿ, ಅವಳ ಬಾಯಲ್ಲೇ ಎರಡು ಎಂದರೆ ‘ಇ’ ಅಂತಾಯಿತು. ಮರುದಿನ ಎದೆಯುಬ್ಬಿಸಿ, ‘ದುಬು ಇ ಮೋ ಜುಸೆಯೋ’ ಎಂದೆ. ತೋಫು, ಎರಡು ಗಡ್ಡೆ, ಕೊಡಿ. ಅಜ್ಜಿ ಮುಖ ಅರಳಿತು. ಒಂದು ತೋಫು ಕಟ್ಟಿ, ಮೇಲೆ ಒಂದು ಹಿಡಿ ಸೋಯಾ ಮೊಳಕೆ ಹಾಕಿ, ಮೊಳಕೆಗೆ ಕಾಸು ಬೇಡವೆಂದು ಕೈಯಾಡಿಸಿದಳು.

ಇಷ್ಟು ದೊಡ್ಡ ಗಡ್ಡೆಯನ್ನು ಈ ಊರಲ್ಲಿ ಎರಡು ಅಂತ ಲೆಕ್ಕ ಹಿಡಿಯುತ್ತಾರೇನೋ ಎಂದು ನಾನೇ ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಮಾತ್ರ ದಿನಾ ಅದೇ ರಾಗ: ‘ಎರಡು ತನ್ನಿ ಅಂದ್ರೆ ಒಂದು ತರ್ತೀರಲ್ಲ ರೀ!’

ಬೆರಳು ತೋರಿಸಬಹುದಿತ್ತಲ್ಲ ಅಂತೀರಿ. ಆ ಕಥೆಯೂ ಆಗಿದೆ. ಒಮ್ಮೆ ಐದು ಸೌತೆಕಾಯಿ ಬೇಕಾಗಿ ನಮ್ಮ ಪದ್ಧತಿಯಂತೆ ಬೆರಳ ಗೆಣ್ಣು ಎಣಿಸಿ ತೋರಿಸಿದೆ. ಪಕ್ಕದಂಗಡಿಯವಳು ನನ್ನ ಕೈಗೆ ಏನೋ ನೋವಾಗಿದೆ ಎಂದುಕೊಂಡಳು. ಆಮೇಲೆ ತನ್ನ ಅಂಗೈ ಬಿಡಿಸಿ, ಹೆಬ್ಬೆರಳಿಂದ ಶುರುಮಾಡಿ ಒಂದೊಂದೇ ಮಡಚುತ್ತಾ ಹನಾ, ದುಲ್, ಸೆತ್, ನೆತ್ ಎಂದು, ‘ದಾಸೊತ್!’ ಎನ್ನುವಾಗ ಬಿಗಿದ ಮುಷ್ಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಇವರ ಐದು ಎಂದರೆ ಗುದ್ದು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವತ್ತಿನಿಂದ ಸಂತೆಯಲ್ಲಿ ನನ್ನ ಕೈ ಜೇಬಿನಲ್ಲೇ.

ಗುಟ್ಟು ಬಯಲಾದದ್ದು ಹೋದ ಭಾನುವಾರ. ಹೆಂಡತಿ ಶನಿವಾರದ ಭಾಷಾ ತರಗತಿಗೆ ಹೋಗುತ್ತಾಳೆ, ನನಗಿಂತ ನಾಲ್ಕು ಪಾಠ ಮುಂದಿದ್ದಾಳೆ. ಜೊತೆಗೆ ಬಂದವಳು ನನ್ನ ‘ಇ ಮೋ’ ಕೇಳಿ ಅಲ್ಲೇ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ದಾರಿಯಲ್ಲಿ ಹೇಳಿದಳು: ‘ರೀ, ತೋಫುಗೆ ದು ಮೋ ಅನ್ಬೇಕು. ಇಮೋ ಅಂದ್ರೆ ಅಮ್ಮನ ಅಕ್ಕನೋ ತಂಗಿಯೋ. ಹೋಟೆಲಲ್ಲಿ ಬಡಿಸೋ ಹೆಂಗಸರನ್ನೂ ಸಲಿಗೆಯಿಂದ ಹಾಗೆ ಕರೀತಾರೆ. ನೀವು ಮೂರು ತಿಂಗಳಿಂದ ತೋಫು ಕೊಡಿ ಚಿಕ್ಕಮ್ಮಾ ಅಂತಿದ್ದೀರಿ.’

ಊರೆಲ್ಲ ಆಕೆಯನ್ನು ಕರೆಯುವುದು ಹಲ್ಮೋನಿ, ಅಂದರೆ ಅಜ್ಜಿ. ಎಲ್ಲಿಂದಲೋ ಬಂದ ಬೊಕ್ಕತಲೆಯವನೊಬ್ಬ ದಿನ ಬಿಟ್ಟು ದಿನ ಚಿಕ್ಕಮ್ಮಾ ಎಂದರೆ ಮೊಳಕೆ ಕೊಡದೆ ಏನು ಮಾಡುತ್ತಾಳೆ?

ಎರಡು ಜೊತೆ ಅಂಕಿ ಯಾಕಪ್ಪಾ ಎಂದು ಬೈಯುವಾಗೆಲ್ಲ ನಮ್ಮಜ್ಜಿ ನೆನಪಾಗುತ್ತಾಳೆ. ‘ಎರಡು ಹುಡುಗರು ಬಂದಿದ್ದಾರೆ’ ಎಂದರೆ ಸಾಕು, ‘ಎರಡು ಅನ್ನೋಕೆ ಕರುಗಳೇನೋ? ಇಬ್ಬರು ಅನ್ನು’ ಎಂದು ತಿವಿಯುವಳು. ಸೇರಿನಲ್ಲಿ ಭತ್ತ ಅಳೆಯಲು ಕೂತರೆ ಅವಳ ಬಾಯಲ್ಲಿ ಒಂದು ಬರುತ್ತಲೇ ಇರಲಿಲ್ಲ. ‘ಲಾಭ’, ಆಮೇಲೆ ಎರಡು, ಮೂರು. ನಾನು ಪಕ್ಕದಲ್ಲಿ ಕೂತು ಲೆಕ್ಕ ತಪ್ಪಿಸುವುದು, ಅವಳು ಮತ್ತೆ ಲಾಭದಿಂದ ಶುರುಮಾಡುವುದು. ಅವಳ ಸೇರು ಈಗ ಯಾರ ಮನೆಯಲ್ಲಿದೆಯೋ.

ಇರಲಿ. ಇವತ್ತು ವ್ಯಾಕರಣ ಸರಿ ಮಾಡಿಕೊಂಡು ಹೋಗಿ, ‘ದುಬು ದು ಮೋ ಜುಸೆಯೋ’ ಎಂದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿದಳು. ಎರಡು ತೋಫು ಕಟ್ಟಿದಳು, ನಾಲ್ಕು ಸಾವಿರ ಎಣಿಸಿಕೊಂಡಳು, ಹಿಂದಿನವರತ್ತ ತಿರುಗಿದಳು. ಮೊಳಕೆಯ ಬುಟ್ಟಿ ಅಲ್ಲೇ ತುಂಬಿಕೊಂಡು ಕೂತಿತ್ತು.

ಮೊದಲು ಇಮೋ ಎಂದು ಕರೆದು, ಆಮೇಲೆ ದು ಮೋ ಕೇಳಬೇಕಂತೆ, ಹೆಂಡತಿಯ ಅಪ್ಪಣೆ. ‘ಇಮೋ, ದುಬು ದು ಮೋ ಜುಸೆಯೋ’. ಆಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಐದು ಸಲಕ್ಕೆ ಮೂರು ಸಲ ಎರಡು ಚಿಕ್ಕಮ್ಮ, ಒಂದು ತೋಫು ಅಂತಲೇ ಬರುತ್ತಿದೆ.